ಕಾಲಿಚಾ ಕಡಸನ್ನು ಬಿಟ್ಟುಕೊಡಲಿಲ್ಲ

ಆತ್‌ಬಾಶಿ ಕಣಿವೆಯ ನಮ್ಮೂರಿನಲ್ಲಿ ಹಟಕ್ಕೆ ಇನ್ನೊಂದು ಹೆಸರು ಕಾಲಿಚಾ. ಹೊಗಳಿಕೆಗೆ ಹೇಳುತ್ತಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಅವಳ ಬೇಲಿಗೆ ಅಂಟಿಕೊಂಡು ಬದುಕಿದವಳು ನಾನು, ಬೈದುಕೊಂಡೇ ಹೇಳುತ್ತಿದ್ದೇನೆ.

ಅವಳ ಗಂಡ ಜಾಪಾರ್ ತೀರಿಕೊಂಡು ವರ್ಷ ತುಂಬಿದಾಗ, ಊರಿಗೆ ಹಾಕುವ ಊಟಕ್ಕೆ ದೊಡ್ಡ ಪ್ರಾಣಿಯನ್ನೇ ಕೊಯ್ಯಬೇಕಿತ್ತು. ಕೊಟ್ಟಿಗೆಯಲ್ಲಿದ್ದದ್ದು ಗಂಡನ ಮುದಿ ಕುದುರೆ, ಮತ್ತು ಹಣೆಯಲ್ಲಿ ಬಿಳಿ ಪಟ್ಟೆಯಿದ್ದ ಒಂದು ಎಳೆಯ ಕಡಸು. ಎಲ್ಲರ ಕಣ್ಣೂ ಕಡಸಿನ ಮೇಲೆ. ಅವಳು ಕುದುರೆಯ ಹಗ್ಗ ಬಿಚ್ಚಿ ಕೊಟ್ಟಳು. ಆ ಮಾಂಸ ಬೇಯುವಷ್ಟರಲ್ಲಿ ನನ್ನ ಮನೆಯ ಸೌದೆಯೂ ಮುಗಿಯಿತು. ಊರಿನ ಮುದುಕರ ದವಡೆಗಳು ಇವತ್ತಿಗೂ ಅವಳನ್ನು ನೆನೆಯುತ್ತವೆ.

ಊಟ ಮುಗಿದ ಮೇಲೆ ಜಾಪಾರನ ಅಣ್ಣ, ಊರಿನಲ್ಲೇ ಹಿರಿಯ, ಅವಳನ್ನು ಕರೆದು ಹೇಳಿದ: "ಮಕ್ಕಳಿಲ್ಲ, ಮರಿ ಇಲ್ಲ, ಕರೆಯೋ ಹಸು ಇಲ್ಲ. ಚಹಾಕ್ಕೆ ಹಾಲು ಯಾರ ಮನೇಲಿ ಬೇಡ್ತೀಯಮ್ಮ? ಬಾಗಿಲಿಗೆ ಬೀಗ ಹಾಕು, ನಮ್ಮನೆಗೆ ಬಂದ್ಬಿಡು."

ಮನುಷ್ಯ ಕೆಟ್ಟವನಲ್ಲ. ಆದರೆ ಅವನ ಮನೆಯಲ್ಲಿ ಮೂವರು ಸೊಸೆಯಂದಿರು. ಅಲ್ಲಿ ಹೋದರೆ ಕಾಲಿಚಾ ಒಲೆಯ ಮೂಲೆಗೆ ನಾಲ್ಕನೆಯವಳು.

"ಕಡಸು ಕರು ಹಾಕೋವರೆಗೂ ಕಾಯಿರಿ, ದೊಡ್ಡಮನೆಯೋರೇ," ಅಂದಳು. "ಆಗಲೂ ನನ್ನ ಮನೇಲಿ ಹಾಲಿಲ್ಲ ಅಂದ್ರೆ ನಾನೇ ಬರ್ತೀನಿ."

ಮಾತು ಕೊಟ್ಟ ಮೇಲೆ ಬೇರೆಯವರಾಗಿದ್ದರೆ ಮೊದಲ ಬೆದೆಗೇ ಹೋರಿಯ ಹತ್ತಿರ ಓಡಿಸುತ್ತಿದ್ದರು. ಇವಳು ಬಿಡಲಿಲ್ಲ. ಊರಿನ ದನವೆಲ್ಲ ಬೆಟ್ಟದ ಹುಲ್ಲುಗಾವಲಿಗೆ ಹೋದರೂ ಇವಳ ಕಡಸು ಬೇಸಿಗೆಯಿಡೀ ಮನೆಯಲ್ಲೇ ಗೂಟಕ್ಕೆ. ಬೆಟ್ಟದಲ್ಲಿ ಹೋರಿಗಳು ಹೇಳಿ ಕೇಳಿ ಬರುವುದಿಲ್ಲ. ಕಾಲುವೆಯ ಬದಿಯ ಹುಲ್ಲನ್ನು ಕೊಯ್ದು ಬೆನ್ನ ಮೇಲೆ ಹೊತ್ತು ತಂದು ಹಾಕಿದಳು.

"ಏನೇ, ಮಗಳಿಗೆ ಗಂಡು ಹುಡುಕ್ತಿದ್ದೀಯಾ?" ಎಂದೆ ಬೇಲಿಯಾಚೆಯಿಂದ.

"ಹೂಂ. ನಿನ್ನ ಗಂಡನಂಥೋನು ಗಂಟುಬೀಳಬಾರದು ಅಂತ ನಿಧಾನವಾಗಿ ನೋಡ್ತಿದ್ದೀನಿ," ಎಂದಳು. ಆಮೇಲೆ ನಗು ನಿಲ್ಲಿಸಿ, "ಸೊಂಟದ ಮೂಳೆ ಇನ್ನೂ ಅಗಲ ಆಗಿಲ್ಲ ಕಣೇ. ಈಗ ಗಬ್ಬ ಆದ್ರೆ ತಾಯಿನೂ ಇಲ್ಲ, ಕರುನೂ ಇಲ್ಲ."

ಇನ್ನೊಂದು ಚಳಿಗಾಲ ಹಾಲಿಲ್ಲದ ಚಹಾ ಕುಡಿದಳು. ನಾನು ಕಳಿಸಿದ ಹಾಲನ್ನು ಎರಡು ಸಲ ತೆಗೆದುಕೊಂಡಳು, ಮೂರನೆಯ ಸಲ ವಾಪಸು ಕಳಿಸಿದಳು. ನನಗೆ ಕೋಪ ಬಂತು. ಮರುವರ್ಷ ಜೂನಿನಲ್ಲಿ ಕಡಸು ಬೆದೆಗೆ ಬಂದಾಗ, ಬಯಲುಸೀಮೆಯಿಂದ ತಂದಿದ್ದ ದೈತ್ಯ ಹೋರಿಯ ಹಟ್ಟಿ ದಾಟಿಕೊಂಡು ಕೆಳಕೇರಿಯ ಗಿಡ್ಡ ಕರಿ ಹೋರಿಯ ಹತ್ತಿರ ಹೊಡೆದುಕೊಂಡು ಹೋದಳು. ಚೊಚ್ಚಲಿಗೆ ಸಣ್ಣ ಕರು ಸಾಕು ಎಂಬುದು ಅವಳ ಲೆಕ್ಕ. ಕಡಸು ಗಬ್ಬ ಕಟ್ಟಿತು.

ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಆದರೆ ಮಾರ್ಚಿನ ಆ ಬೆಳಗ್ಗೆ ಕಡಸು ತಿಣುಕಿ ತಿಣುಕಿ ಸುಸ್ತಾಗಿ ಬಿದ್ದುಕೊಂಡಿತು. ಕಂಡದ್ದು ಒಂದೇ ಗೊರಸು. ಇನ್ನೊಂದು ಕಾಲು ಒಳಗೆಲ್ಲೋ ಮಡಚಿಕೊಂಡಿತ್ತು. ಕಾಲಿಚಾ ತೋಳಿಗೆ ಸಾಬೂನು ಬಳಿದುಕೊಂಡು ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಿದ್ದಳು. ನಾನು ಬಿಸಿನೀರು ಹೊರುತ್ತಿದ್ದೆ.

ಸುದ್ದಿ ತಿಳಿದು ದೊಡ್ಡಮನೆಯವನು ಬಂದ, ಸೊಂಟದಲ್ಲಿ ಕತ್ತಿ ಇಟ್ಟುಕೊಂಡೇ. ಅವನದು ತಪ್ಪಲ್ಲ. ತಾನಾಗಿ ಸತ್ತ ಪ್ರಾಣಿಯನ್ನು ನಾವು ತಿನ್ನುವುದಿಲ್ಲ. ಉಸಿರು ಹೋಗುವ ಮೊದಲು ದೇವರ ಹೆಸರು ಹೇಳಿ ಕೊಯ್ದರೆ ಮಾಂಸವಾದರೂ ಉಳಿಯುತ್ತದೆ. ಕಡಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡದ್ದನ್ನು ನಾನೂ ನೋಡಿದೆ.

"ಸಾಕು ಬಿಡಮ್ಮ, ಹೋಗ್ತಿದೆ ಅದು," ಎಂದವನು ಮಂಡಿಯೂರಿ ಅದರ ತಲೆಯನ್ನು ನಮಾಜಿನ ದಿಕ್ಕಾದ ಕಿಬ್ಲಾದ ಕಡೆಗೆ ತಿರುಗಿಸಿದ. ಕತ್ತಿ ಹೊರಗೆ ಬಂತು.

"ಶಾರ್ಷೆನ್! ಇಡೋ ಕತ್ತಿ ಕೆಳಗೆ!"

ನನ್ನ ಕೈಯಿಂದ ನೀರಿನ ಬಕೆಟ್ಟು ಜಾರಿತು. ನಮ್ಮಲ್ಲಿ ಮನೆಗೆ ಬಂದ ಸೊಸೆ ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಗೆ ತರುವಂತಿಲ್ಲ. ಹೆರಿಗೆ ನೋವಿನಲ್ಲಿ ಕೂಡ ಯಾರೂ ತಂದದ್ದಿಲ್ಲ. ಇವಳು ಮೂವತ್ತೊಂದು ವರ್ಷ ತರದೇ ಇದ್ದವಳು, ತಂದಳು. ಜೊತೆಗೆ ಏಕವಚನ ಬೇರೆ.

ಮುದುಕ ಅವಳನ್ನೇ ನೋಡಿದ. ಕತ್ತಿ ಒರೆಗೆ ಹೋಯಿತು.

"ನೋಡ್ತಾ ನಿಲ್ಬೇಡ, ಬಾ ಈ ಕಡೆ," ಎಂದಳು. ಅವಳಿಗೆ ತಾನು ಏನೆಂದೆ ಎಂಬುದರ ಅರಿವೇ ಇರಲಿಲ್ಲ. ಕರುವನ್ನು ಒಳಕ್ಕೆ ಒತ್ತಿ, ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಒಳಗೆಲ್ಲೂ ತಾಗದಂತೆ ಎಳೆದು ಮುಂದೆ ತಂದು, ಎರಡೂ ಕಾಲಿಗೆ ಹಗ್ಗ ಬಿಗಿದಳು. "ಈಗ ಹಗ್ಗ ಹಿಡಿ. ಅವಳು ತಿಣುಕಿದಾಗ ಮಾತ್ರ ಎಳಿ, ಕೆಳಮುಖವಾಗಿ. ಅವಳು ನಿಲ್ಸಿದ್ರೆ ನೀನೂ ನಿಲ್ಸು."

ಊರಿಗೆ ಹಿರಿಯ, ತಮ್ಮನ ಹೆಂಡತಿ ಹೇಳಿದಂತೆ ಎಳೆದ, ಹೇಳಿದಂತೆ ನಿಲ್ಲಿಸಿದ. ನಾಲ್ಕನೆಯ ಸಲಕ್ಕೆ ಕರು ಹುಲ್ಲಿನ ಮೇಲೆ ಬಿತ್ತು. ಮೂಗಿಗೆ ಕಡ್ಡಿ ಹಾಕಿ ತಿರುವಿದ ಮೇಲೆ ಸೀನಿತು. ತಾಯಿ ಅದನ್ನು ಕಂಡು ಹೆದರಿ ಮುಖ ತಿರುಗಿಸಿತು. ಕರುವಿನ ಮೈಗೆ ಕಾಲಿಚಾ ಉಪ್ಪು ಸವರಿದಳು. ಉಪ್ಪಿನ ಆಸೆಗೆ ನೆಕ್ಕಿದ ಕಡಸು ನೆಕ್ಕುತ್ತಲೇ ತಾಯಿಯಾಯಿತು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ, ಕೆಚ್ಚಲು ತೊಳೆಯುತ್ತಿದ್ದಳು.

ಮೂರನೆಯ ದಿನ ಗಿಣ್ಣು ತಿನ್ನಲು ನೆರೆಯವರನ್ನೆಲ್ಲ ಕರೆದಳು. ಶಾರ್ಷೆನ್ ಕೊನೆಗೆ ಬಂದ. ಅವಳ ಬಾಯಿಂದ ಏನು ಬಂದಿತ್ತೆಂದು ಅವತ್ತು ಸಂಜೆಯೇ ನಾನು ಅವಳಿಗೆ ಹೇಳಿದ್ದೆ. ಕಾಲಿಚಾಳ ಮುಖ ಕಿವಿಯವರೆಗೆ ಕೆಂಪಾಯಿತು.

"ಮೇಲೆ ಬನ್ನಿ, ದೊಡ್ಡಮನೆಯೋರೇ," ಎಂದು ಗೌರವದ ಜಾಗದಲ್ಲಿ ಕೂರಿಸಿ ಬಟ್ಟಲು ಇಟ್ಟಳು. "ಅವತ್ತು ಬಾಯಿ ತಪ್ಪಿತು. ಕ್ಷಮಿಸ್ಬೇಕು."

ಅವನು ಎರಡು ತುತ್ತು ತಿಂದ. "ಹಾಗಾದ್ರೆ ನೀನಿನ್ನು ನಮ್ಮನೆಗೆ ಬರೋಲ್ಲ."

"ಬರೋಲ್ಲ."

"ಸರಿ." ಬಟ್ಟಲನ್ನೇ ನೋಡುತ್ತಾ ಅಂದ: "ಹೆಂಡತಿ ಹೇಳೋ ಹಾಗಿಲ್ಲ, ಸೊಸೇರು ಹೇಳೋ ಹಾಗಿಲ್ಲ. ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ಅವ್ವ ಹೋಗಿ ಇಪ್ಪತ್ತು ವರ್ಷ ಆಯ್ತು. ಅವಳು ಹೋದ ಮೇಲೆ ನನ್ನ ಹೆಸರು ನನ್ನ ಕಿವಿಗೆ ಬಿದ್ದಿದ್ದು ಮೊನ್ನೆನೇ ಕಣಮ್ಮ."

ಕಾಲಿಚಾ ಅವನ ಬಟ್ಟಲಿಗೆ ಇನ್ನಷ್ಟು ಗಿಣ್ಣು ಬಡಿಸಿದಳು.