ಸಂಘಮಿತ್ರಾ ಮತ್ತು ಸ್ಟೀಲ್ ಚೊಂಬು

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವವರು ಒದೆಯಲಿ, ನಾನು ಹೇಳಿಯೇ ತೀರುತ್ತೇನೆ. ಸಂಘಮಿತ್ರಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳು ಎಂಥವಳು ಅಂತ ಬರೆಯಲು ನನಗಿಂತ ಯೋಗ್ಯರು ಯಾರೂ ಇಲ್ಲ. ಹೊಟ್ಟೆಕಿಚ್ಚು ಪಡುವವರು ನೋಡಿದಷ್ಟು ಹತ್ತಿರದಿಂದ ಪ್ರೀತಿಸುವವರೂ ನೋಡುವುದಿಲ್ಲ.

ನನ್ನ ಹೆಸರು ವನಜಾಕ್ಷಿ. ಶಿರಾ, ಮಧುಗಿರಿ ನಡುವಿನ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಠಾಣೆಯ ಹೆಸರು ಬೇಡ, ನನ್ನ ತಪ್ಪಿಗೆ ಅದರ ಮಾನ ಯಾಕೆ ಹೋಗಬೇಕು? ಇಪ್ಪತ್ತೆರಡು ವರ್ಷದ ಸರ್ವೀಸು. ಅದರಲ್ಲಿ ಮುಕ್ಕಾಲು ಭಾಗ ಬಂದೋಬಸ್ತು, ಇನ್ನುಳಿದದ್ದು ಹೆಣ್ಣು ಆರೋಪಿಗಳನ್ನು ಕೋರ್ಟಿಗೆ ಕರೆದುಕೊಂಡು ಹೋಗಿ ಬರುವುದು. ಬೆರಳಚ್ಚಿನ ತರಬೇತಿಗೆ ಕಳಿಸಿ ಅಂತ ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ ಬೇರೆಯವರು ಹೋದರು. ಕಳ್ಳತನವಾದ ಮನೆಯ ಹೊಸಿಲಲ್ಲಿ ನಿಂತು ಜನರನ್ನು ತಡೆಯುವುದು ಮಾತ್ರ ನನ್ನ ಪಾಲಿಗೆ ಬಂದಿತ್ತು. ಆ ಕೆಲಸದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ‘ವನಜಾಕ್ಷಿ ನಿಂತರೆ ಇರುವೆಯೂ ಒಳಗೆ ಹೋಗಲ್ಲ’ ಅಂತ ಹಿಂದಿನ ಸಾಹೇಬರೊಬ್ಬರು ಹೇಳಿದ್ದನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷ ಬಂದಳು ಇವಳು. ಕೃತ್ಯದ ಜಾಗ ಪರಿಶೀಲಿಸುವ ಅಧಿಕಾರಿ, ಎಲ್ಲರ ಬಾಯಲ್ಲಿ ‘ಸೋಕೋ ಮೇಡಂ’. ವಯಸ್ಸು ಇಪ್ಪತ್ತೇಳು. ಪಾವಗಡದ ಕಡೆಯ ಹುಡುಗಿ. ಅಪ್ಪ ಕದರಪ್ಪ ಸೋಲಾರ್ ಪ್ಯಾನಲ್ ತೊಳೆಯುವ ಕೆಲಸ ಮಾಡುತ್ತಾ ಮಗಳನ್ನು ಓದಿಸಿದವರು. ಅಮ್ಮನ ಜೊತೆ ಫೋನಿನಲ್ಲಿ ತೆಲುಗು: ‘ಅಮ್ಮಾ, ತಿನ್ನಾವಾ?’ ದಿನಾ ಮಧ್ಯಾಹ್ನ ಒಂದೂವರೆಗೆ ‘ಊಟ ಆಯ್ತಾ’ ಅನ್ನುವ ಆ ಒಂದೇ ಪ್ರಶ್ನೆ, ತಪ್ಪಿದ್ದಿಲ್ಲ. ನಾನು ನಮ್ಮಮ್ಮನಿಗೆ ವಾರಕ್ಕೊಮ್ಮೆ ಫೋನ್ ಮಾಡುವವಳು. ಅದಕ್ಕೂ ಹೊಟ್ಟೆ ಉರಿಯಿತು ಅಂದರೆ ನಂಬುತ್ತೀರಾ? ನಂಬಿ.

ಅವಳು ಬಂದರೆ ದಾರಿ ತಾನಾಗಿ ಬಿಡುತ್ತಿತ್ತು. ಕೈಗೆ ನೀಲಿ ಗ್ಲೌಸು, ಕಾಲಿಗೆ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಕರಿ ಪೆಟ್ಟಿಗೆ. ಕೃತ್ಯ ನಡೆದ ಮನೆಯಲ್ಲಿ ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ‘ಏನು ಜಂಬ ಇವಳಿಗೆ’ ಅಂತ ನಾನು ಮೂಗು ಮುರಿದಿದ್ದೆ. ಆಮೇಲೆ ತಿಳಿಯಿತು, ಅದು ನಿಯಮವಂತೆ. ಅಲ್ಲಿನ ಲೋಟ, ಚೊಂಬು, ಕುರ್ಚಿ ಏನನ್ನೂ ಬಳಸುವಂತಿಲ್ಲವಂತೆ. ನನ್ನ ಮಗಳು ಮಧುಶ್ರೀ ಪಿಯುಸಿ ಓದುತ್ತಾಳೆ. ಒಂದು ದಿನ ಊಟಕ್ಕೆ ಕೂತು, ‘ಅಮ್ಮಾ, ನಾನೂ ಸಂಘಮಿತ್ರಾ ಮೇಡಂ ಥರ ಆಗ್ತೀನಿ’ ಅಂದಳು. ಪೊಲೀಸಮ್ಮನ ಹೊಟ್ಟೆಯಲ್ಲಿ ಹುಟ್ಟಿ ಹದಿನೇಳು ವರ್ಷದಲ್ಲಿ ಒಮ್ಮೆಯಾದರೂ ‘ನಿನ್ನ ಥರ’ ಅಂದಿದ್ದಳೇ? ಹಿತ್ತಲ ಗಿಡ ಮದ್ದಲ್ಲ ನೋಡಿ. ಅವತ್ತು ಸಾರಿಗೆ ಉಪ್ಪು ಜಾಸ್ತಿ ಅಂತ ಸುಮ್ಮನೆ ಜಗಳ ತೆಗೆದು ಅವಳನ್ನು ಅಳಿಸಿದೆ. ಸಾರು ಮಾಡಿದವಳು ನಾನೇ.

ಇನ್ನು ಆ ದಿನದ ವಿಷಯ. ಕಳ್ಳಂಬೆಳ್ಳ ಕಡೆಯ ಒಂದು ಹಳ್ಳಿಯಲ್ಲಿ ಚಿಕ್ಕಹನುಮಕ್ಕ ಅಂತ ಒಬ್ಬ ಅಜ್ಜಿ. ಮಗ ಸೊಸೆ ಹೊಲಕ್ಕೆ ಹೋಗಿದ್ದಾಗ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡವನೊಬ್ಬ ಒಳಗೆ ನುಗ್ಗಿ, ಅಜ್ಜಿಯನ್ನು ತಳ್ಳಿ, ಕತ್ತಿನ ಸರ, ಟ್ರಂಕಿನಲ್ಲಿದ್ದ ಬಳೆ ಎಲ್ಲ ಕಿತ್ತುಕೊಂಡು ಕರಿ ಬೈಕು ಹತ್ತಿ ಹೋಗಿದ್ದ. ನಾನು ಅದೇ ದಾರಿಯಲ್ಲಿ ಡ್ಯೂಟಿಯಲ್ಲಿದ್ದೆ. ಎಲ್ಲರಿಗಿಂತ ಮೊದಲು ತಲುಪಿದವಳು ನಾನೇ.

ಜನರನ್ನು ಬೀದಿಗೆ ಅಟ್ಟಿ ಒಳಗೆ ಹೋದೆ. ಅಜ್ಜಿ ಗೋಡೆಗೆ ಒರಗಿ ಗಡಗಡ ನಡುಗುತ್ತಿತ್ತು, ಮೊಣಕೈ ತರಚಿತ್ತು. ‘ಉಸುರು ಕಟ್ತದೆ ಕಣವ್ವಾ’ ಅಂತು. ನಮ್ಮ ಕಡೆ ಹೆದರಿದವರನ್ನು ಕಂಡರೆ ಮೊದಲು ಕೈಗೆ ನೀರು ಕೊಡಬೇಕು, ಮಾತು ಆಮೇಲೆ. ಹೊಸಿಲ ಒಳಗಡೆ ಗೂಡಿನಲ್ಲಿ ಸ್ಟೀಲ್ ಚೊಂಬಿತ್ತು, ಅದರಲ್ಲಿ ಅರ್ಧ ನೀರಿತ್ತು. ಎತ್ತಿ ಲೋಟಕ್ಕೆ ಬಗ್ಗಿಸಿ ಕುಡಿಸಿದೆ. ಚೊಂಬನ್ನು ಇದ್ದಲ್ಲೇ ಇಟ್ಟೆ. ಅಷ್ಟೇ ನಾನು ಮಾಡಿದ್ದು.

ಅರ್ಧ ಗಂಟೆಗೆ ಇನ್ಸ್‌ಪೆಕ್ಟರ್ ಸಾಹೇಬರು, ಅವರ ಹಿಂದೆ ಪೆಟ್ಟಿಗೆ ಹಿಡಿದ ಇವಳು. ನಾನು ಹೊಸಿಲಲ್ಲಿ ನೆಟ್ಟಗೆ ನಿಂತಿದ್ದೆ. ಇವಳು ಫೋಟೋ ತೆಗೆದಳು, ಅಳತೆ ಹಿಡಿದಳು. ಆಮೇಲೆ ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಾವು ಯಾರೂ ಕೇಳದ ರೀತಿಯಲ್ಲಿ ಕೇಳಿದಳು: ‘ಅಜ್ಜೀ, ಆ ಮನುಷ್ಯ ಬಾಗಿಲಿಗೆ ಬಂದಾಗಿಂದ ಹೇಳಿ. ಅವಸರ ಇಲ್ಲ.’

‘ನೀರು ಕೇಳ್ದ ಕಣವ್ವ,’ ಅಂತು ಅಜ್ಜಿ. ‘ಬಿಸಿಲು, ದಾರಿಗ ಅಂದ್ಕಂಡೆ. ನೀರು ಕೇಳ್ದೋರ್ಗೆ ಇಲ್ಲ ಅನ್ನಕಾಯ್ತದಾ? ಚೊಂಬು ತುಂಬ ನೀರು, ಒಂದು ಚೂರು ಬೆಲ್ಲ ಕೊಟ್ಟೆ. ಆ ಕಡೀಕ್ ತಿರುಕ್ಕಂಡು ಕುಡುದ. ಚೊಂಬು ಗೂಡಲ್ಲಿ ಮಡಗ್ದ. ಮಡಗ್ದೋನೇ ನನ್ ತಳ್ಬುಟ್ಟ. ಕಣ್ಣಿಗೆ ಪೊರೆ ಬಂದೈತೆ, ಮಕ ಕಾಣ್ನಿಲ್ಲ.’

ಟ್ರಂಕು ತುಕ್ಕು ಹಿಡಿದದ್ದು, ಅದರ ಮೇಲೆ ಅಚ್ಚು ನಿಲ್ಲುವುದಿಲ್ಲ. ಇಡೀ ಮನೆಯಲ್ಲಿ ಕಳ್ಳ ಬರಿಗೈಯಲ್ಲಿ ಹಿಡಿದ ನುಣುಪಾದ ವಸ್ತು ಅದೊಂದೇ, ಅದನ್ನು ನಾನು ಹಿಡಿದಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಬೆರಳನ್ನು ಸೆರಗಿಲ್ಲದ ಯೂನಿಫಾರ್ಮಿಗೆ ಒರೆಸಿಕೊಂಡೆ.

ಸಂಘಮಿತ್ರಾ ತಿರುಗಿ ನನ್ನನ್ನು ನೋಡಿದಳು. ‘ಅಕ್ಕಾ, ಮೊದಲು ಬಂದಿದ್ದು ನೀವು. ಏನಾದ್ರೂ ಮುಟ್ಟಿದ್ರಾ?’

ಒಂದು ಮಾತು. ‘ಹೌದಮ್ಮ, ಅಜ್ಜಿಗೆ ನೀರು ಕೊಟ್ಟೆ’ ಅಂದಿದ್ದರೆ ಮುಗಿದಿತ್ತು. ಆದರೆ ಇವಳ ಎದುರಿಗೆ, ಸಾಹೇಬರ ಎದುರಿಗೆ, ಬಾಗಿಲಲ್ಲಿ ನಿಂತ ಇಡೀ ಊರಿನ ಎದುರಿಗೆ? ‘ಇಪ್ಪತ್ತೆರಡು ವರ್ಷ ಸರ್ವೀಸು ಮಾಡಿವ್ನಿ ಕಣಮ್ಮ,’ ಅಂದೆ. ‘ನಿನ್ನಂಗೆ ನೆನ್ನೆ ಮೊನ್ನೆ ಬಂದೋಳಲ್ಲ. ಹೆಂಗೆ ನಿಂತ್ಕೋಬೇಕು ಅಂತ ನಂಗೆ ಗೊತ್ತು.’

‘ಆದ್ರೂ ನಿಮ್ಮ ಬೆರಳಚ್ಚು ಒಂದು ಕೊಟ್ಟಿರಿ ಅಕ್ಕಾ. ಒಳಗೆ ಬಂದೋರ್ದೆಲ್ಲ ತಗೊಂಡು ಪಕ್ಕಕ್ಕಿಟ್ರೆ, ಉಳಿದಿದ್ದು ಹೊರಗಿನವನದು ಅಂತ ಗೊತ್ತಾಗುತ್ತೆ.’

‘ಓಹೋ! ನನ್ನೇ ಕಳ್ಳಿ ಅಂತೀಯಾ?’

ಸಾಹೇಬರು ನಕ್ಕುಬಿಟ್ಟರು. ‘ಬಿಡಮ್ಮಾ, ಅವರು ಹಳಬರು.’ ಇಬ್ಬರು ಪಂಚರ ಮುಂದೆ ಮಹಜರು ಬರೆದರು. ‘ಮೊದಲು ಬಂದ ಸಿಬ್ಬಂದಿ ಯಾವ ವಸ್ತುವನ್ನೂ ಮುಟ್ಟಿರುವುದಿಲ್ಲ’ ಅಂತ ಅದರಲ್ಲಿ ಒಂದು ಸಾಲು ಬಂತು. ಕೆಳಗೆ ನಾನು ಸಹಿ ಹಾಕಿದೆ.

ಅಷ್ಟರಲ್ಲಿ ಊರು ಕಳ್ಳನನ್ನು ತೀರ್ಮಾನ ಮಾಡಿಯಾಗಿತ್ತು. ಸುರೇಶ್ ಅಂತ, ಮಿಕ್ಸಿ ಫ್ಯಾನು ರಿಪೇರಿ ಮಾಡುವವನು. ಹಿಂದಿನ ವಾರ ಅಜ್ಜಿ ಮನೆಯ ಮಿಕ್ಸಿ ಸರಿಮಾಡಿದ್ದ, ಟ್ರಂಕು ನೋಡಿದ್ದ, ಅವನದೂ ಕರಿ ಬೈಕು. ಸಂಜೆಗೆ ಅವನನ್ನು ಠಾಣೆಗೆ ತಂದರು. ‘ಸುರೇಸನ ದನಿ ನಂಗೊತ್ತಿಲ್ವಾ? ಅವ್ನಲ್ಲ ಕಣಪ್ಪ’ ಅಂತ ಅಜ್ಜಿ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಘಮಿತ್ರಾ ಸುರೇಶನ ಬೆರಳಚ್ಚು ತೆಗೆದುಕೊಂಡು, ಜಿಲ್ಲಾ ಘಟಕದ ತಜ್ಞರಿಗೆ ತೋರಿಸಿ, ರಾತ್ರಿಯೇ ವಾಪಸು ಬಂದು ಸಾಹೇಬರ ಮುಂದೆ ನಿಂತಳು. ಚೊಂಬಿನ ಮೇಲೆ ಅಜ್ಜಿ, ಮಗ, ಸೊಸೆಯದಲ್ಲದೆ ಇನ್ನಿಬ್ಬರ ಅಚ್ಚು ಇವೆ, ಎರಡೂ ಸುರೇಶನದಲ್ಲ ಅಂದಳು.

‘ಇಬ್ಬರಾ?’ ಸಾಹೇಬರು ಟೀ ಲೋಟ ಕೆಳಗಿಟ್ಟರು. ‘ಅಜ್ಜಿ ಒಬ್ಬ ಬಂದಿದ್ದ ಅಂತಲ್ಲ. ಹಾಗಾದ್ರೆ ಅಜ್ಜಿ ಮಾತು ನೆಚ್ಚಕ್ಕಾಗಲ್ಲ. ಒಳಗೆ ಬಂದಿದ್ದು ಇಬ್ಬರು, ಮನೆ ತೋರಿಸ್ಕೊಟ್ಟೋನು ಸುರೇಶ್. ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಹಾಜರುಪಡಿಸಿ.’

ನಾನು ಅಲ್ಲೇ ಕಡತ ಜೋಡಿಸುತ್ತಿದ್ದೆ. ಆ ‘ಇಬ್ಬರಲ್ಲಿ’ ಒಬ್ಬಳು ಸಾಹೇಬರ ಎಡಗಡೆ ನಿಂತಿದ್ದಾಳೆ ಅಂತ ಅವರಿಗೆ ಗೊತ್ತಿರಲಿಲ್ಲ. ಬಾಯಿ ಬಿಡಲೇ ಅಂತ ಅಂದುಕೊಂಡೆ. ಅಷ್ಟರಲ್ಲಿ ಸಾಹೇಬರು ‘ಕೆಲಸ ಮಾತ್ರ ಚೆನ್ನಾಗಿ ಮಾಡಿದೀಯಮ್ಮ, ಇಂಥೋರು ಬೇಕು ಡಿಪಾರ್ಟ್‌ಮೆಂಟಿಗೆ’ ಅಂದರು. ಅಂದದ್ದು ಅವಳಿಗೆ. ನನ್ನ ಬಾಯಿ ಮುಚ್ಚಿಕೊಂಡಿತು.

ಮರುದಿನ ಎಂಟೂವರೆಗೆ ಠಾಣೆಗೆ ಬಂದರೆ ಹೊಂಗೆ ಮರದ ಕೆಳಗೆ ಸುರೇಶನ ತಾಯಿ ಗಂಗಲಕ್ಷ್ಮಮ್ಮ ಕೂತಿದ್ದಳು. ಹದಿನೈದು ವರ್ಷದಿಂದ ನನ್ನನ್ನು ಬಲ್ಲವಳು, ಸಂತೆಯಲ್ಲಿ ಸಿಕ್ಕರೆ ಸೊಪ್ಪು ಕೊಡದೆ ಕಳಿಸಿದವಳಲ್ಲ. ನನ್ನ ಕಡೆ ಬರುತ್ತಾಳೆ ಅಂದುಕೊಂಡೆ. ನನ್ನನ್ನು ದಾಟಿಕೊಂಡು ಹೋಗಿ, ಗಾಡಿಯಿಂದ ಇಳಿಯುತ್ತಿದ್ದ ಸಂಘಮಿತ್ರಾಳ ಕೈ ಹಿಡಿದಳು.

‘ನೀನು ಓದ್ದೋಳು ತಾಯೀ. ಕಳ್ಳನ ಬೆಳ್ಳು ಗುರ್ತು ಹಿಡೀತೀಯಂತೆ. ನನ್ ಮಗ ಅಲ್ಲ ಅಂತ ಒಂದು ಮಾತು ಹೇಳ್ಬುಡು. ಕೋರ್ಟು ಹತ್ತಿದೋನಿಗೆ ಈ ಊರಲ್ಲಿ ಯಾರು ಬಾಗ್ಲು ತೆಗೀತಾರೆ? ಮನೆಮನೆ ಸುತ್ತಿ ರಿಪೇರಿ ಮಾಡಿ ಉಣ್ಣೋನು.’

ಸಂಘಮಿತ್ರಾ ಏನು ಹೇಳಿಯಾಳು? ‘ನನಗೆ ಕಂಡಿದ್ದು ಬರೆದಿದ್ದೀನಮ್ಮ. ಅದಕ್ಕಿಂತ ಜಾಸ್ತಿ ನನ್ನ ಕೈಲಿಲ್ಲ’ ಅಂದಳು. ಅವಳ ಕಣ್ಣು ತುಂಬಿತ್ತು. ಅವಳು ಸೋತದ್ದನ್ನು ಮೊದಲ ಸಲ ಕಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ನನಗೆ ಖುಷಿಯಾಯಿತು. ಆ ಖುಷಿ ಹೊಟ್ಟೆಗೆ ಇಳಿಯುವ ಮೊದಲೇ ಹೇಸಿಗೆಯಾಯಿತು. ಥೂ, ಹೆತ್ತವಳು ಅಳುತ್ತಿರುವಾಗ ಇಂಥ ಖುಷಿ ಪಡುವ ನಾನೂ ಒಂದು ಹೆಂಗಸೇ ಅನ್ನಿಸಿತು.

ನೇರ ಸಾಹೇಬರ ಕೋಣೆಗೆ ಹೋದೆ. ಸಂಘಮಿತ್ರಾಳೂ ಬಂದಳು. ‘ಸಾರ್, ಚೊಂಬು ಮುಟ್ಟಿದ್ದು ನಾನು. ಅಜ್ಜಿಗೆ ನೀರು ಕೊಟ್ಟೆ. ನೆನ್ನೆ ಸುಳ್ಳು ಹೇಳ್ದೆ. ಮಹಜರಲ್ಲಿ ಸಹೀನೂ ಹಾಕ್ದೆ.’

ಸಾಹೇಬರು ಬೈದದ್ದನ್ನು ಇಲ್ಲಿ ಬರೆಯುವುದು ಬೇಡ, ಮಕ್ಕಳೂ ಓದಬಹುದು. ಮೆಮೋ ಕೊಡುತ್ತೇನೆ ಅಂದರು, ಆಮೇಲೆ ಕೊಟ್ಟರು ಕೂಡ. ಸಂಘಮಿತ್ರಾ ಪೆಟ್ಟಿಗೆ ತೆರೆದು, ನನ್ನ ಬೆರಳಿಗೆ ಮಸಿ ಹಚ್ಚಿದಳು. ನಾನೇ ಬೆರಳನ್ನು ಕಾಗದಕ್ಕೆ ಒತ್ತಲು ಹೋದೆ. ‘ಅಕ್ಕಾ, ಕೈ ಸಡಿಲ ಬಿಡಿ. ನಾನೇ ಹೊರಳಿಸ್ತೀನಿ’ ಅಂದಳು. ಹತ್ತೂ ಬೆರಳನ್ನು ಒಂದೊಂದಾಗಿ ಕಾಗದದ ಮೇಲೆ ಹೊರಳಿಸಿದಳು. ಫೋಟೋ ತಜ್ಞರಿಗೆ ಹೋಯಿತು. ಹತ್ತೂವರೆಗೆ ಫೋನ್ ಬಂತು: ಎರಡರಲ್ಲಿ ಒಂದು ಅಚ್ಚು ನನ್ನದು. ಉಳಿದದ್ದು ಒಬ್ಬನದೇ, ಅವನು ಸುರೇಶನಲ್ಲ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಒಬ್ಬ ಹದಿನೈದು ದಿನದ ಮೇಲೆ ಆಂಧ್ರದ ಗಡಿಯಲ್ಲಿ ಸಿಕ್ಕಿಬಿದ್ದ.

ಸುರೇಶನನ್ನು ಅವತ್ತೇ ಬಿಟ್ಟು ಕಳಿಸಿದರು. ಹೊರಗೆ ಬಂದವನೇ ಸಂಘಮಿತ್ರಾಳ ಕಾಲಿಗೆ ಬಗ್ಗಿದ. ಅವಳು ಹಿಂದಕ್ಕೆ ಸರಿದು ನನ್ನ ಕಡೆ ಕೈ ತೋರಿಸಿದಳು.

‘ನನಗಲ್ಲ. ಈ ಅಕ್ಕ ಬೆಳಗ್ಗೆ ಬಂದು ಹೇಳಿದ್ದಕ್ಕೇ ನೀನು ಮನೆಗೆ ಹೋಗ್ತಿರೋದು.’

ಗಂಗಲಕ್ಷ್ಮಮ್ಮ ಓಡಿ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ‘ನನ್ನವ್ವ, ನೀನು ತಣ್ಣಗಿರು’ ಅಂದಳು. ಬೆರಳಲ್ಲಿ ಮಸಿ ಇನ್ನೂ ಹೋಗಿರಲಿಲ್ಲ. ಅವಳ ಮಗ ಒಂದು ರಾತ್ರಿಯೆಲ್ಲ ಠಾಣೆಯಲ್ಲಿ ಕೂತದ್ದು ನನ್ನ ಸುಳ್ಳಿನಿಂದ ಅಂತ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಸಂಘಮಿತ್ರಾ ಹೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಊರೆಲ್ಲ ಡಂಗುರ ಹೊಡೆಸುತ್ತಿದ್ದೆ.

ಕೆಲಸದಲ್ಲಿ ಅವಳು ನನಗಿಂತ ಮೇಲು ಅನ್ನುವುದನ್ನು ಹೇಗೋ ಹಲ್ಲು ಕಚ್ಚಿ ಸಹಿಸಿಕೊಂಡಿದ್ದೆ. ಮನಸ್ಸಿನಲ್ಲೂ ಮೇಲು ಅಂತ ಆ ಹೊಂಗೆ ಮರದ ಕೆಳಗೆ ತಿಳಿಯಿತು. ಅವತ್ತಿನಿಂದ ನನ್ನ ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಾಗಿದೆ.