ಕಾಕು ಬರಿಗೈಯಲ್ಲಿ ಕೂತ ಮಧ್ಯಾಹ್ನ

ಮೊನ್ನೆ ಹಪ್ಪಳ ಸುಡುತ್ತಿದ್ದೆ. ಅಂಗಡಿಯ ಪೊಟ್ಟಣದ್ದೇ. ಆದರೂ ಇಂಗು, ಹಪ್ಪಳಖಾರದ ಆ ಸುಟ್ಟ ವಾಸನೆ ಅಡುಗೆಮನೆ ತುಂಬುತ್ತಲೇ ಇಡೀ ಓಣಿಗೆ ಚಿಕ್ಕಮ್ಮನಂತಿದ್ದ ಬಾಜು ಮನೆಯ ಕಾಕು ನೆನಪಾದರು. ಅವರಿದ್ದಿದ್ದರೆ ಪೊಟ್ಟಣದ ಹಪ್ಪಳ ತಂದ ತಪ್ಪಿಗೆ ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದರು, ಅದೂ ಮರಾಠಿಯಲ್ಲಿ. ಅವರಿಗೆ ಮಾತಿಗೆ ಕನ್ನಡ, ಬೈಗುಳಕ್ಕೆ ಮರಾಠಿ...

ಕಾಕು ಖಾನಾಪುರ ತಾಲೂಕಿನ ಅಡವಿಯಂಚಿನ ಗುಂಜಿಯವರು. ಮದುವೆಯಾಗಿ ಅನಗೋಳದ ನಮ್ಮ ಓಣಿಗೆ ಬಂದು ಬಹಳ ವರ್ಷಗಳಾಗಿದ್ದವು. ನಾನು ಸೊಸೆಯಾಗಿ ಬಂದಾಗ ಮೊದಲು ಕರೆದು ಕೂರಿಸಿಕೊಂಡವರು ಅವರೇ. ಮನೆಯೊಳಗಲ್ಲ, ಓಣಿಯ ಕೊನೆಗಿದ್ದ ಬಯಲಿನಲ್ಲಿ.

ಬೇಸಿಗೆ ಬಂತೆಂದರೆ ನಮ್ಮಲ್ಲಿ ಹಪ್ಪಳದ ಪಾಳಿ. ಇಂದು ಅವರ ಮನೆ, ನಾಳೆ ನಮ್ಮ ಮನೆ. ಪ್ರತಿಯೊಬ್ಬಳೂ ತನ್ನ ಮಣೆ, ಲಟ್ಟಣಿಗೆ ಹಿಡಿದೇ ಹೋಗಬೇಕು. ಲಟ್ಟಿಸಿದ್ದನ್ನು ಬಯಲಲ್ಲಿ ಹಳೆಯ ಸೀರೆಗಳ ಮೇಲೆ ಹರವಿ, ಕಾಗೆ, ಆಡು ಬಾಯಿ ಹಾಕದಂತೆ ಬೇವಿನ ನೆರಳಲ್ಲಿ ಕೂತು ಕಾಯುವುದು. ಕಾಯಲು ಒಬ್ಬಳು ಸಾಕು, ಆದರೆ ಕೂರುತ್ತಿದ್ದದ್ದು ಇಡೀ ಓಣಿ. ನಗು, ಚಾಡಿ, ಕಣ್ಣೀರು ಎಲ್ಲ ಅಲ್ಲಿಯೇ. ಗಂಡಸರಿಗೆ ಚಹಾದಂಗಡಿ ಇತ್ತು, ಗುಡಿಯ ಕಟ್ಟೆ ಇತ್ತು. ಯಾಕೆ ಕೂತೆ ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮ ಮುಂದೆ ಮಾತ್ರ ಹಪ್ಪಳ ಇರಬೇಕಿತ್ತು. ಆಗ ಇದು ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ನಮ್ಮ ಊರಿಗೆ ಜಗತ್ತಿನ ದೊಡ್ಡ ನಗರಗಳ ಸಾಲಿನಲ್ಲಿ ಕೂರುವ ಆಸೆ ಹುಟ್ಟಿತು. ಬಯಲಿಗೆ ಬೇಲಿ ಬಂತು, ಗೇಟು ಬಂತು, ಸುತ್ತಲೂ ನಡೆಯಲು ಬಣ್ಣದ ಟೈಲ್ಸು ಬಂತು. ಊರಿನ ಇನ್ನೊಂದು ತುದಿಯ ಸದಾಶಿವನಗರದಿಂದ ಕಾರಿನಲ್ಲಿ ಬಂದು ಇಲ್ಲಿ ನಡೆದು ಹೋಗುವವರೂ ಹುಟ್ಟಿಕೊಂಡರು. ಬೆಳಿಗ್ಗೆ ತೆರೆದಿರುತ್ತದೆ, ಸಂಜೆ ತೆರೆದಿರುತ್ತದೆ. ಬಿಸಿಲಿರುವ ಹೊತ್ತಿಗೆ ಸರಿಯಾಗಿ ಕಾವಲುಗಾರನ ಸೀಟಿ, ಗೇಟಿಗೆ ಕೀಲಿ!

ಆ ಬೇಸಿಗೆ ಎಲ್ಲರೂ ತಂತಮ್ಮ ಮಾಳಿಗೆಯ ಮೇಲೆ ಒಬ್ಬೊಬ್ಬರೇ ಹಪ್ಪಳ ಒಣಗಿಸಿದೆವು. ಓಣಿಗೆ ಬಾಯಿ ಕಟ್ಟಿದಂತಾಯಿತು. ನಮ್ಮ ಮನೆಯವರಂತೂ ಊರು ಎಷ್ಟು ಚೊಕ್ಕ ಆಯಿತೆಂದು ಖುಷಿಪಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಉದ್ಯಾನದ ಉಸ್ತುವಾರಿಯ ಸಾಹೇಬರು ಬಂದಿದ್ದಾಗ ಕಾಕು ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಮಧ್ಯಾಹ್ನವೂ ಗೇಟು ತೆರೆದಿಡಿ ಎಂದು ಕೇಳಿದರು.

"ಮನಿಮ್ಯಾಗ ಮಾಳಿಗಿ ಐತಲ್ರೀ ಅವ್ವಾರ, ಹಪ್ಪಳ ಅಲ್ಲೇ ಒಣಸ್ರಿ" ಎಂದರು ಸಾಹೇಬರು.

"ಹಪ್ಪಳಕ್ಕ ಮಾಳಿಗಿ ಐತ್ರೀ. ನಮಗ?"

ಸಾಹೇಬರು ನಕ್ಕು, ಗೇಟಿನ ಬಾಜು ನಿಲ್ಲಿಸಿದ್ದ ದೊಡ್ಡ ಬೋರ್ಡು ತೋರಿಸಿ, ಊರು ಹಿಂಗ ಆಗಬೇಕು ನೋಡ್ರಿ ಎಂದರು. ಬೋರ್ಡಿನ ಚಿತ್ರದಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಉರಿಬಿಸಿಲಿನಲ್ಲಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಕು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಈಕಿ ನಡಮಧ್ಯಾಹ್ನ ಕುಂತಾಳಲ್ಲ, ಈಕಿಗೆ ಯಾರೂ ಸೀಟಿ ಊದಿಲ್ಲೇನು?"

ಸಾಹೇಬರಿಗೆ ತುರ್ತು ಕೆಲಸ ನೆನಪಾಯಿತು.

ಮರುದಿನ ಕಾಕು ಮನೆ ಮನೆಗೆ ಹೋಗಿ ಹೇಳಿದರು: "ಲಟ್ಟಣಿಗಿ ತರಬ್ಯಾಡ್ರಿ. ಹಪ್ಪಳನೂ ಬ್ಯಾಡ. ಬರೇ ಕುಂದ್ರೂಣು." ಬರಿಗೈಯಲ್ಲಿ ಹೋಗುವುದೆಂದರೆ ಒಬ್ಬೊಬ್ಬರಿಗೂ ನಾಚಿಕೆ. ನಾನು ಹೆಣೆಯಲೆಂದು ಉಲ್ಲನ್ ತೆಗೆದುಕೊಂಡಿದ್ದೆ. ಕಾಕು ಅದನ್ನು ಕಸಿದು ನಮ್ಮ ಮನೆಯೊಳಗೇ ಎಸೆದರು. ಬೇವಿನ ಕೆಳಗೆ ಹೋಗಿ ಕೂತೆವು. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಮುಚ್ಚುವ ಹೊತ್ತಿಗೆ ಕಾವಲುಗಾರ ಸೀಟಿ ಊದುತ್ತ ಬಂದ. "ಟೈಮ್ ಆತ್ರಿ. ಏನ್ ಮಾಡಾಕತ್ತೀರಿ ಇಲ್ಲಿ?"

"ಕುಂತೀವಿ" ಎಂದರು ಕಾಕು.

"ಯಾಕ?"

"ನಮ್ಮೂರಾಗ ಅಡವಿಗೇ ಗೇಟಿಲ್ಲೋ ಮಾರಾಯಾ. ಇದಕ್ಯಾಕ ಹಾಕೀರಿ ಅಂತ ನಾ ಕೇಳೀನೇನು? ಕೀಲಿ ಹಾಕ್ಕೊಂಡು ಹೋಗು."

ಪಾಪ, ಹೇಳಿದ್ದೇ ಅಪ್ಪಣೆ ಎಂಬಂತೆ ಅವನು ನಿಜವಾಗಿಯೂ ಹೊರಗಿನಿಂದ ಕೀಲಿ ಜಡಿದು ಊಟಕ್ಕೆ ಹೋಗಿಬಿಟ್ಟ. ನಾವೆಲ್ಲ ಎದ್ದು ನಿಂತು ಗೇಟಿನತ್ತ ನೋಡಿದೆವು. ಕಾಕು ಮಾತ್ರ ಬೋರ್ಡಿನವಳ ಹಾಗೆ ಕಾಲು ಚಾಚಿ ಕೂತರು. ಅದನ್ನು ಕಂಡು ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ಕಾಲು ಚಾಚಿದೆವು. ಅಷ್ಟು ಹಗುರಾಗಿ ನಾನು ಯಾವತ್ತೂ ಕೂತಿರಲಿಲ್ಲ.

ಹಸಿವು ಎಂಥವರನ್ನೂ ಹೋರಾಟಕ್ಕಿಳಿಸುತ್ತದೆ. ಊಟದ ಹೊತ್ತು ಮೀರಿದಂತೆ ಓಣಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಗೇಟಿನ ಸರಳು ಹಿಡಿದು ನಿಂತರು. ಊರು ಚೊಕ್ಕ ಆಯಿತು ಎಂದಿದ್ದ ನಮ್ಮವರು ಎಲ್ಲರಿಗಿಂತ ಜೋರಾಗಿ, ಹೆಂಗಸರನ್ನು ಕೂಡಿಹಾಕುವುದು ಯಾವ ನ್ಯಾಯ ಎಂದು ಫೋನಿನಲ್ಲಿ ಒದರುತ್ತಿದ್ದರು. ಕೀಲಿ ತೆಗೆದರೂ ಕಾಕು ಏಳಲಿಲ್ಲ. ನಾಳೆಯೂ ತೆರೆದಿರುತ್ತದೆ ಎಂದು ಸಾಹೇಬರು ಬಂದು ಎಲ್ಲರೆದುರು ಒಪ್ಪಿದ ಮೇಲೆಯೇ ಸೆರಗು ಕೊಡವಿ ಎದ್ದರು. ಅಂದಿನಿಂದ ಹಗಲಿಡೀ ಗೇಟು ತೆರೆದೇ ಇತ್ತು.

ಕಡೆಗಾಲಕ್ಕೆ ಕಾಕು ಖಾನಾಪುರದ ಮಗಳ ಮನೆ ಸೇರಿದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮುಖ ನೋಡಲಿಲ್ಲವೆಂಬ ಸಂಕಟ ಇನ್ನೂ ಇದೆ... ಅವರಿಲ್ಲದೆ ಓಣಿಯ ಹೆಂಗಸರೂ ಬೇವಿನ ಕೆಳಗೆ ಬರುವುದು ಕಡಿಮೆಯಾಯಿತು. ಯಾರೂ ಇಲ್ಲದ್ದನ್ನು ಕಂಡೇ ಇರಬೇಕು, ಈ ವಾರ ಮತ್ತೆ ಮಧ್ಯಾಹ್ನಕ್ಕೆ ಕೀಲಿ ಬಿದ್ದಿದೆ.

ಇಂದು ಬೆಳಿಗ್ಗೆ ಒಬ್ಬೊಬ್ಬರಿಗೇ ಫೋನು ಮಾಡಿದೆ. ಬಿಸಿಲು ಎಂದರು, ಮೊಣಕಾಲು ಎಂದರು, ನೋಡೋಣ ಎಂದರು. ಕಾಕು ಆಗಿದ್ದರೆ ಫೋನು ಹಿಡಿದು ಕೂರುತ್ತಿರಲಿಲ್ಲ, ಇಷ್ಟು ಹೊತ್ತಿಗೆ ಒಳಗಿರುತ್ತಿದ್ದರು. ಕೀಲಿ ಹಾಕಲು ಇನ್ನೂ ಸ್ವಲ್ಪ ಹೊತ್ತಿದೆ. ಒಲೆ ಆರಿಸಿ ಹೊರಟೆ. ಊಟಕ್ಕೆ ಕಾಯಬೇಡಿ ಎಂದು ಮನೆಯವರಿಗೆ ಹೇಳಿದ್ದೇನೆ.