ಕುರ್ಚಿಗೆ ನೇತುಹಾಕಿದ ಬೆಲ್ಲ

ಮೊನ್ನೆ ಮದ್ದೂರಿನ ಛತ್ರವೊಂದರಲ್ಲಿ ಮದುವೆ ಊಟ ಮುಗಿಸಿ ನಾನು, ನನ್ನ ಹೆಂಡತಿ, ಅವಳ ತಂಗಿ ಬಾಗಿಲಲ್ಲಿ ಆಟೋಗೆ ಕಾಯುತ್ತಿದ್ದೆವು. ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಅಜ್ಜಿ, ಹಿಂದೆ ಅವರ ಸೊಸೆ. ಮನೆಮಂದಿಗೆಲ್ಲ ಸಿಕ್ಕಿದ ತಾಂಬೂಲದ ಚೀಲಗಳು ತೆಂಗಿನಕಾಯಿ ಸಮೇತ ಕುರ್ಚಿಯ ಹಿಡಿಕೆಯಲ್ಲಿ ನೇತಾಡುತ್ತಿದ್ದವು. ನಾನು ಹೇಳದೆ ಕೇಳದೆ ಹೋಗಿ ಒಂದೊಂದೇ ಚೀಲ ಬಿಡಿಸತೊಡಗಿದೆ.

"ಯಾರಣ್ಣ ನೀನು? ನಿಂಗೆ ಕೊಟ್ಟಿದ್ ಕಾಯಿ ಸಾಲ್ದಾ?" ಎಂದಳು ಸೊಸೆ.

ಹೆಂಡತಿ ನಾಚಿಕೆಯಿಂದ ಅತ್ತ ತಿರುಗಿಕೊಂಡಳು. ಆ ಸೊಸೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹೊಳಲಿನಲ್ಲಿದ್ದ ನನ್ನ ದೊಡ್ಡಪ್ಪ ಬಹಳ ಕಾಲ ಮಂಡ್ಯಕ್ಕೆ ಕಬ್ಬಿನ ಗಾಡಿ ಹೊಡೆದವರು. ಸಕ್ಕರೆ ಕಾಯಿಲೆಯಿಂದ ಬಲಗಾಲನ್ನು ತೊಡೆಯವರೆಗೆ ತೆಗೆಯಬೇಕಾಯಿತು. ಆದರೂ ದಿನಾ ಬೆಳಿಗ್ಗೆ ತಾವೇ ಗಾಲಿಕುರ್ಚಿಯ ಚಕ್ರ ತಳ್ಳಿಕೊಂಡು ಹಾಲಿನ ಡೈರಿಗೆ ಹೋಗಬೇಕು, ಯಾರ ಹಸು ಎಷ್ಟು ಹಾಲು ಇಳಿಸಿತು ಎಂದು ತೀರ್ಪು ಕೊಡಬೇಕು. ಅದಿಲ್ಲದಿದ್ದರೆ ಕಾಫಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ದಿನ ಆಲೆಮನೆಯಿಂದ ಒಂದು ಚೀಲ ಅಚ್ಚುಬೆಲ್ಲ ಹಿಡಿದು ಬಂದೆ. ಸಕ್ಕರೆ ಕಾಯಿಲೆಯವರ ಮನೆಗೆ ಬೆಲ್ಲ ಒಯ್ದ ಬುದ್ಧಿವಂತ ನಾನು. ದಾರಿಯಲ್ಲಿ ದೊಡ್ಡಪ್ಪ ಸಿಕ್ಕರು. ಚೀಲವನ್ನು ಕುರ್ಚಿಯ ಹಿಂದಕ್ಕೆ ಸಿಕ್ಕಿಸಿ ತಳ್ಳಿಕೊಂಡು ಬಂದೆ. ಮನೆ ಮುಂದೆ ಸ್ಕೂಟರ್ ಹತ್ತಿಸಲು ಮಾಡಿಸಿದ್ದ ಕಡಿದಾದ ಸಿಮೆಂಟು ಇಳಿಜಾರು. ತುದಿಗೆ ಬಂದು, ಕುರ್ಚಿ ಇನ್ನೂ ಏರಿನಲ್ಲಿರುವಾಗಲೇ ಬಾಗಿಲು ನೂಕಲೆಂದು ಒಂದೇ ಒಂದು ಗಳಿಗೆ ಕೈಬಿಟ್ಟೆ. ಮುಂದಿನ ಚಕ್ರಗಳು ಮೇಲೆದ್ದವು. ದೊಡ್ಡಪ್ಪ ಅಂಗಾತ ಬಿದ್ದರು.

ಆಕಾಶ ನೋಡುತ್ತಲೇ "ಬೆಲ್ಲ ಒಡೀತಾ ನೋಡ್ಲಾ" ಎಂದರು.

ಬೆಲ್ಲ ಗಟ್ಟಿಯಾಗಿತ್ತು. ತಲೆ ಒಡೆದಿತ್ತು, ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ದೊಡ್ಡಮ್ಮ ಕುರ್ಚಿಯನ್ನು ಕೊಟ್ಟಿಗೆಗೆ ತಳ್ಳಿದಳು. ಇನ್ನು ಮಂಚ ಬಿಟ್ಟು ಇಳಿಯಕೂಡದು ಎಂದು ಅಪ್ಪಣೆಯಾಯಿತು. ಹಾಳು ಕುರ್ಚಿ ಎಂದು ಬಂದವರೆಲ್ಲ ಬೈದರು. ಅವರ ಜೊತೆ ನಾನೂ ಬೈದೆ. ಚೀಲದ ಮಾತು ಎತ್ತಲಿಲ್ಲ. ದೊಡ್ಡಪ್ಪನೂ ಎತ್ತಲಿಲ್ಲ, ಜಂತಿ ನೋಡುತ್ತಾ ಮಲಗಿರುತ್ತಿದ್ದರು. ಬರುಬರುತ್ತಾ ಹಸುಗಳ ವಿಚಾರ ಕೇಳುವುದನ್ನೂ ನಿಲ್ಲಿಸಿದರು. ನನಗೆ ಆ ಮನೆಯ ಅನ್ನ ಸೇರದಾಯಿತು.

ಕೊನೆಗೆ ದೊಡ್ಡಮ್ಮ ಕುರ್ಚಿಯನ್ನು ಯಾರಿಗಾದರೂ ದಾಟಿಸಿಬಿಡಲು ಮಂಡ್ಯದ ಸೈಕಲ್ ಶಾಪಿನ ರಹಮತ್ ಸಾಬರನ್ನು ಕರೆಸಿದಳು. ಅವರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರು, ಬ್ರೇಕು ಎಳೆದು ನೋಡಿದರು, ಚಕ್ರ ತಿರುಗಿಸಿದರು.

"ಕುರ್ಚೀದೇನೂ ತಪ್ಪಿಲ್ಲ ಕಣಮ್ಮ. ಮುಂದ್ಗಡೆ ಒಂದು ಕಾಲಿನ ತೂಕ ಇಲ್ಲ. ಇಂದ್ಗಡೆ ಏನಾದ್ರೂ ನೇತಾಕಿದ್ರಾ?"

ದೊಡ್ಡಪ್ಪ ಜಂತಿಯಿಂದ ಕಣ್ಣು ಇಳಿಸಿ ನನ್ನನ್ನು ನೋಡಿದರು.

"ಬೆಲ್ಲ. ನಾನೇ ನೇತಾಕಿದ್ದೆ" ಎಂದೆ.

ಕುರ್ಚಿಯ ಬದಲು ನನ್ನನ್ನೇ ಕೊಟ್ಟಿಗೆಗೆ ಕಟ್ಟಬೇಕಿತ್ತು ಎಂದು ದೊಡ್ಡಮ್ಮ ಚೆನ್ನಾಗಿ ಬೈದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಗಾಡಿ ಒಡ್ದೋನು, ಇಂದಕ್ಕೆ ಬಾರ ಆದ್ರೆ ಮಗುಚ್ತದೆ ಅಂತ ನಿಂಗೊತ್ತಿರ್ನಿಲ್ವಾ? ಯಾಕೆ ಬಾಯ್ ಬುಡ್ಲಿಲ್ಲ?"

"ಅವ್ನೇ ಯೋಳ್ತಾನೆ ಅಂತ ಕಾಯ್ತಿದ್ದೆ ಕಣೆ" ಎಂದರು ದೊಡ್ಡಪ್ಪ.

ಸಾಬರು ಮಕ್ಕಳ ಸೈಕಲ್ಲಿನ ಎರಡು ಪುಟ್ಟ ಚಕ್ರಗಳನ್ನು ಕುರ್ಚಿಯ ಹಿಂದೆ ನೆಲಕ್ಕೆ ತುಸು ಮೇಲೆ ಕೂರಿಸಿದರು. ಹಿಂದಕ್ಕೆ ವಾಲಿದರೂ ಅವು ತಡೆಯುತ್ತಿದ್ದವು. ಗಾರೆಯವನು ಬಂದು ಇಳಿಜಾರನ್ನು ರಸ್ತೆಯ ಕಡೆಗೆ ಉದ್ದ ಮಾಡಿ ಏರು ತಗ್ಗಿಸಿದ. ದೊಡ್ಡಪ್ಪ ಮಾತ್ರ ನನಗೆ ದಿನವೂ ಪಾಠ ಹೇಳತೊಡಗಿದರು: ಎತ್ತು ಬಿಚ್ಚುವ ಮೊದಲು ಗಾಲಿಗೆ ಕಲ್ಲು ಕೊಡುವುದಿಲ್ಲವೇ, ಹಾಗೆ ಕುರ್ಚಿಯಿಂದ ಏಳುವ ಮೊದಲು ಬ್ರೇಕು, ಕಾಲಿಡುವ ಹಲಗೆಯ ಮೇಲೆ ನಿಲ್ಲುವಂತಿಲ್ಲ, ಹೊರೆಯಿದ್ದರೆ ತಳ್ಳುವವನ ಹೆಗಲಿಗೆ.

ಕೈಯ ಪಟ್ಟಿ ಬಿಚ್ಚಿ ಎರಡು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ದೊಡ್ಡಮ್ಮ ತಾನೇ ಹಿಡಿಕೆ ಹಿಡಿದು ಅವರನ್ನು ಇಳಿಜಾರು ಇಳಿಸಿದಳು. ರಸ್ತೆಗೆ ಬಂದ ಮೇಲೆ ಕೈಬಿಟ್ಟಳು. ದೊಡ್ಡಪ್ಪ ಹಿಂದಿರುಗಿ ನೋಡದೆ ಡೈರಿಯ ಕಡೆ ಹೋದರು. ಅವರು ತಿರುವು ದಾಟುವವರೆಗೆ ಅವಳು ಅಲ್ಲೇ ನಿಂತಿದ್ದು, ಆಮೇಲೆ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.